ಪ್ರಾರ್ಥನೆ ನಿಲ್ಲಿಸದೆ ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ?

ಪ್ರಶ್ನೆ: ನನ್ನ ಅಕ್ಕನ ಗಂಡ ತೀರಿಕೊಂಡು ನಾಲ್ಕು ವರ್ಷಗಳಾದವು. ಇಬ್ಬರು ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ. ಭಾವನ ಪಾಲಿಗೆ ಬರಬೇಕಾದ ಮನೆಯ ಭಾಗವನ್ನು ಅವರ ಅಣ್ಣಂದಿರು ಬಿಟ್ಟುಕೊಡುತ್ತಿಲ್ಲ, ಕಾಗದಪತ್ರಗಳನ್ನೂ ತೋರಿಸುತ್ತಿಲ್ಲ. ಅವರೂ ನಮ್ಮ ಸಭೆಯವರೇ, ಪ್ರತಿ ಭಾನುವಾರ ಆರಾಧನೆಗೆ ಬರುತ್ತಾರೆ. ನಮ್ಮ ಪ್ರಾರ್ಥನಾಕೂಟದವರು ಮೂರು ವರ್ಷಗಳಿಂದ ಈ ವಿಷಯಕ್ಕಾಗಿ ಬಿಡದೆ ಪ್ರಾರ್ಥಿಸುತ್ತಿದ್ದೇವೆ, ಉಪವಾಸವನ್ನೂ ಮಾಡಿದ್ದೇವೆ. ಅಕ್ಕ ವಕೀಲರನ್ನು ಕಾಣುತ್ತೇನೆ ಎಂದಾಗ ಕೂಟದ ಹಿರಿಯರೊಬ್ಬರು, ‘ಹಾಗೆ ಮಾಡಿದರೆ ದೇವರ ಮೇಲೆ ನಂಬಿಕೆ ಇಲ್ಲವೆಂದಾಗುತ್ತದೆ, ಲೂಕನ ಸುವಾರ್ತೆಯ ವಿಧವೆಯಂತೆ ಪ್ರಾರ್ಥಿಸುತ್ತಲೇ ಇರಬೇಕು’ ಎಂದರು. ಇನ್ನೊಬ್ಬರು, ಅವಳ ಜೀವನದಲ್ಲಿ ಅರಿಕೆ ಮಾಡದ ಪಾಪವೇನಾದರೂ ಇರಬಹುದೇ ಎಂದು ನನ್ನನ್ನು ವಿಚಾರಿಸಿದರು. ಈಗ ಅಕ್ಕ ಕೂಟಕ್ಕೆ ಬರುವುದನ್ನೇ ಬಿಟ್ಟಿದ್ದಾಳೆ. ರಾತ್ರಿ ನಿದ್ದೆಯಿಲ್ಲ, ಪ್ರಾರ್ಥಿಸಲು ಬಾಯೇ ಬರುವುದಿಲ್ಲ ಎನ್ನುತ್ತಾಳೆ. ನಾವು ಪ್ರಾರ್ಥಿಸಿದ್ದು ಸಾಲದೇ? ಇನ್ನೆಷ್ಟು ಕಾಲ ಪ್ರಾರ್ಥಿಸಬೇಕು? ವಕೀಲರ ಬಳಿಗೆ ಹೋಗುವುದು ತಪ್ಪೇ? ಕೂಟದಲ್ಲಿ ಅವಳ ಹೆಸರು ಹೇಳಿ ಪ್ರಾರ್ಥಿಸುವುದನ್ನು ಮುಂದುವರಿಸಬೇಕೇ?

ಉತ್ತರ: ಪ್ರಿಯ ಸಹೋದರಿಯವರೇ, ನೀವು ಕೇಳಿರುವ ಪ್ರಶ್ನೆಗಳು ನಾಲ್ಕಾದರೂ ಅವುಗಳೊಳಗಿನ ಅಳುಕು ಒಂದೇ ಎಂದು ನನಗೆ ತೋರುತ್ತದೆ: ಅಕ್ಕನಿಗಾಗಿ ಏನನ್ನಾದರೂ ಮಾಡಲು ಹೊರಟರೆ ದೇವರಿಗೆ ಅವಿಶ್ವಾಸ ತೋರಿದಂತಾಗುತ್ತದೆಯೋ ಎಂಬುದು. ಆಗುವುದಿಲ್ಲ. ವಕೀಲರನ್ನು ಕಾಣುವುದು ತಪ್ಪೂ ಅಲ್ಲ, ಪ್ರಾರ್ಥನೆಗೆ ವಿರುದ್ಧವೂ ಅಲ್ಲ. ಈ ಮಾತನ್ನು ನಾನು ಧೈರ್ಯವಾಗಿ ಹೇಳುತ್ತಿರುವುದು ನಿಮ್ಮ ಕೂಟದ ಹಿರಿಯರು ನೆನಪಿಸಿದ ಆ ವಿಧವೆಯ ಸಾಮ್ಯದ, ಅಂದರೆ ಯೇಸುಸ್ವಾಮಿ ಹೇಳಿದ ದೃಷ್ಟಾಂತಕಥೆಯ, ಆಧಾರದ ಮೇಲೆಯೇ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಮೊದಲ ಎಂಟು ವಚನಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಒಂದು ಊರಿನಲ್ಲಿ ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷಿಸದ ಒಬ್ಬ ನ್ಯಾಯಾಧಿಪತಿ. ಅದೇ ಊರಿನಲ್ಲಿ ಒಬ್ಬ ವಿಧವೆ. ತನಗೂ ತನ್ನ ವಿರೋಧಿಗೂ ಇರುವ ವ್ಯಾಜ್ಯವನ್ನು ತೀರಿಸಿಕೊಡು ಎಂದು ಅವಳು ಅವನ ಬಳಿಗೆ ಮೇಲಿಂದ ಮೇಲೆ ಬರುತ್ತಾಳೆ. ಅವನು ಬಹುಕಾಲ ಒಪ್ಪುವುದಿಲ್ಲ. ಕೊನೆಗೆ, ಇವಳ ಕಾಟ ತಾಳಲಾರೆ ಎಂದು ನ್ಯಾಯ ತೀರಿಸುತ್ತಾನೆ. ಬೇಸರಗೊಳ್ಳದೆ ಪ್ರಾರ್ಥಿಸುತ್ತಿರಬೇಕೆಂಬುದಕ್ಕಾಗಿ ಯೇಸುಸ್ವಾಮಿ ಈ ಸಾಮ್ಯವನ್ನು ಹೇಳಿದರೆಂದು ಲೂಕನು ಮೊದಲೇ ತಿಳಿಸುತ್ತಾನೆ, ನಿಜ. ಆದರೆ ಆ ಹೆಂಗಸು ಕಥೆಯಲ್ಲಿ ನಿಂತಿರುವ ಜಾಗ ಯಾವುದು ಎಂಬುದನ್ನು ಗಮನಿಸಿ. ಅವಳು ನಿಂತಿರುವುದು ನ್ಯಾಯಾಧಿಪತಿಯ ಎದುರಿಗೆ. ಅವಳಿಗೊಂದು ವ್ಯಾಜ್ಯವಿದೆ, ಒಬ್ಬ ವಿರೋಧಿಯಿದ್ದಾನೆ, ಅವಳು ಕೇಳುತ್ತಿರುವುದು ಭಿಕ್ಷೆಯಲ್ಲ, ತೀರ್ಪು. ನ್ಯಾಯಾಧಿಪತಿಯ ಬಾಗಿಲಿಗೆ ಅಲೆದು ಅಲೆದು ತನ್ನದನ್ನು ಪಡೆದುಕೊಂಡ ಹೆಂಗಸಿನ ಕಥೆಯನ್ನೇ ಹೇಳಿ ಇನ್ನೊಬ್ಬ ವಿಧವೆಯನ್ನು ನ್ಯಾಯಾಧಿಪತಿಯ ಬಾಗಿಲಿನಿಂದ ದೂರವಿಡುವುದು ಆ ಕಥೆಯನ್ನು ತಲೆಕೆಳಗು ಮಾಡಿದಂತೆ.

ಅವಳ ಹಟದ ಹಿಂದೆ ಮೋಶೆಯ ಧರ್ಮಶಾಸ್ತ್ರದ ಬಲವೂ ಇತ್ತು. ವಿಧವೆಯರನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಬಾಧಿಸಬಾರದು, ಬಾಧಿಸಿದರೆ ಅವರ ಕೂಗನ್ನು ತಾನೇ ಕೇಳುವೆನೆಂದು ದೇವರು ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ಬಹಳ ಕಠಿಣವಾದ ಮಾತುಗಳಲ್ಲಿ ಎಚ್ಚರಿಸುತ್ತಾರೆ. ವಿಧವೆಯ ಬಟ್ಟೆಯನ್ನು ಒತ್ತೆಯಿಡಿಸಿಕೊಳ್ಳಬಾರದೆಂಬ ಆಜ್ಞೆ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿದೆ. ವಿಧವೆಯ ನ್ಯಾಯವನ್ನು ಕೆಡಿಸುವವನಿಗೆ 27ನೆಯ ಅಧ್ಯಾಯದಲ್ಲಿ ಶಾಪವಿದೆ, ಅದಕ್ಕೆ ಜನರೆಲ್ಲರೂ ‘ಆಮೆನ್’ ಎನ್ನಬೇಕು. ಸಾಮಾನ್ಯವಾಗಿ ಗಂಡಸರೇ ವ್ಯಾಜ್ಯ ನಡೆಸುತ್ತಿದ್ದ ಆ ಕಾಲದಲ್ಲಿ ಅವಳೊಬ್ಬಳೇ ಬಂದು ನಿಂತಿದ್ದಾಳೆ ಎಂದರೆ ಅವಳ ಪರವಾಗಿ ಮಾತನಾಡಲು ಯಾರೂ ಇರಲಿಲ್ಲವೆಂದೇ ತಿಳಿಯಬೇಕಾಗುತ್ತದೆ. ನಿಮ್ಮ ಅಕ್ಕನಿಗೆ ಒಬ್ಬ ತಂಗಿ ಇದ್ದಾಳೆ, ಒಂದು ಕೂಟವಿದೆ. ಆ ವಿಧವೆಗೆ ಇಲ್ಲದಿದ್ದದ್ದು ನಿಮ್ಮ ಅಕ್ಕನಿಗೆ ಇದೆ. ಅದು ಅವಳ ಉಪಯೋಗಕ್ಕೆ ಬಂದಿದೆಯೇ ಎಂಬುದೇ ಪ್ರಶ್ನೆ.

ಇನ್ನು, ನಾವು ಪ್ರಾರ್ಥಿಸಿದ್ದು ಸಾಲದೇ ಎಂದು ಕೇಳಿದ್ದೀರಿ. ಆ ನ್ಯಾಯಾಧಿಪತಿ ದೇವರಿಗೆ ಹೋಲಿಕೆ ಎಂದು ಭಾವಿಸುವುದರಿಂದ ಈ ಪ್ರಶ್ನೆ ಹುಟ್ಟುತ್ತದೆ. ದೇವರೂ ಅವನಂತೆಯೇ ಮೊಂಡು, ಸಾಕಷ್ಟು ಜನ ಸಾಕಷ್ಟು ದಿನ ಕಾಡಿದರೆ ಬಗ್ಗುತ್ತಾರೆ ಎಂಬ ಲೆಕ್ಕಾಚಾರ ಅನೇಕ ಭಕ್ತರ ಮನಸ್ಸಿನಲ್ಲಿ ಅವರಿಗೇ ತಿಳಿಯದಂತೆ ಕೂತಿರುತ್ತದೆ. ಸಾಮ್ಯ ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು: ಇಂಥ ಅನ್ಯಾಯಗಾರನೇ ಕೊನೆಗೆ ನ್ಯಾಯ ತೀರಿಸಿದ ಮೇಲೆ, ಹಗಲಿರುಳು ಮೊರೆಯಿಡುವ ತನ್ನವರ ನ್ಯಾಯವನ್ನು ದೇವರು ತೀರಿಸದೆ ಇರುವರೇ ಎಂದು. ಅಲ್ಲಿರುವುದು ಹೋಲಿಕೆಯಲ್ಲ, ವ್ಯತ್ಯಾಸ. ಬಹಳ ಮಾತುಗಳನ್ನಾಡುವುದರಿಂದ ತಮ್ಮ ಪ್ರಾರ್ಥನೆ ಕೇಳಲ್ಪಡುತ್ತದೆಂದು ನೆನಸುವವರಂತೆ ಇರಬೇಡಿರೆಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಹೇಳಿದ್ದಾರೆ.

ಹಾಗಾದರೆ ಬಿಡದೆ ಪ್ರಾರ್ಥಿಸುವುದು ಏಕೆ? 5ನೆಯ ಶತಮಾನದ ಆರಂಭದಲ್ಲಿ ಪ್ರೋಬಾ ಎಂಬ ರೋಮಿನ ವಿಧವೆ ಪ್ರಾರ್ಥನೆಯ ಬಗ್ಗೆ ಕೇಳಿದಾಗ ಉತ್ತರ ಆಫ್ರಿಕದ ಬಿಷಪ್ ಸಂತ ಅಗಸ್ಟೀನರು ಅವಳಿಗೊಂದು ದೀರ್ಘ ಪತ್ರ ಬರೆದರು, ಅದರಲ್ಲಿ ಇದೇ ಸಾಮ್ಯವನ್ನೂ ಎತ್ತಿಕೊಂಡರು. ನಮಗೆ ಬೇಕಾದದ್ದೇನೆಂದು ದೇವರಿಗೆ ತಿಳಿಸುವ ಅಗತ್ಯವಿಲ್ಲ, ಅವರು ಕೊಡಲಿರುವುದನ್ನು ತೆಗೆದುಕೊಳ್ಳುವಷ್ಟು ನಮ್ಮ ಹಂಬಲ ಬೆಳೆಯಲೆಂದು ಪ್ರಾರ್ಥಿಸುತ್ತೇವೆ ಎಂಬುದು ಅವರ ಉತ್ತರದ ತಿರುಳು. ಈ ಕೆಲಸ ಮಾತಿಗಿಂತ ನಿಟ್ಟುಸಿರಿನಿಂದ, ಕಣ್ಣೀರಿನಿಂದ ಹೆಚ್ಚಾಗಿ ನಡೆಯುತ್ತದೆ ಎಂದೂ ಅವರು ಬರೆದರು. ನನ್ನ ಅನುಭವವೂ ಇದಕ್ಕೆ ಹತ್ತಿರವಾದದ್ದು. ಒಬ್ಬರಿಗಾಗಿ ನಿಜವಾಗಿ ಬಿಡದೆ ಪ್ರಾರ್ಥಿಸಿದವರು ಕೆಲವು ತಿಂಗಳಲ್ಲೇ ಆ ವ್ಯಕ್ತಿಗಾಗಿ ಏನಾದರೂ ಮಾಡದೆ ಇರಲಾರದವರಾಗುತ್ತಾರೆ. ಮೂರು ವರ್ಷ ಪ್ರಾರ್ಥಿಸಿಯೂ ಯಾರೊಬ್ಬರೂ ಆ ಅಣ್ಣಂದಿರ ಮನೆಗೆ ಹೋಗಿ ಕೂತು ಮಾತನಾಡಿಲ್ಲವೆಂದಾದರೆ, ಕೊರತೆ ಪ್ರಾರ್ಥನೆಯ ಪ್ರಮಾಣದಲ್ಲಿಲ್ಲ.

ಅರಿಕೆ ಮಾಡದ ಪಾಪದ ಮಾತಿಗೆ ಹೆಚ್ಚು ಜಾಗ ಕೊಡಲು ನನಗೆ ಇಷ್ಟವಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಪಾಪ ಮಾಡಲಿಲ್ಲ ಎಂಬ ಉತ್ತರ ಬಂತು. ಅದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ನಿರಪರಾಧಿಯಾಗಿಯೂ ಕಷ್ಟಕ್ಕೆ ಸಿಕ್ಕ ಯೋಬನ ಗೆಳೆಯರು ಇದೇ ತರ್ಕವನ್ನು ಪುಟಗಟ್ಟಲೆ ಮಂಡಿಸಿದರು, ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಅವರೇ. ಇಲ್ಲಿ ಪಾಪವೊಂದು ಇದ್ದೇ ಇದೆ, ಆದರೆ ಅದು ಕಾಗದಪತ್ರಗಳನ್ನು ಬಚ್ಚಿಟ್ಟುಕೊಂಡವರ ಮನೆಯಲ್ಲಿದೆ. ಪ್ರಶ್ನೆಯನ್ನು ಅವರ ಬಳಿಗೆ ಒಯ್ಯಲು ಅಂಜಿಕೆಯಾದಾಗ ಅದನ್ನು ವಿಧವೆಯ ಕಡೆಗೆ ತಿರುಗಿಸುವುದು ಸುಲಭ, ಏಕೆಂದರೆ ಅವಳು ತಿರುಗಿ ಮಾತನಾಡುವುದಿಲ್ಲ.

ಕೂಟದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಎರಡೂ ಕಡೆಯವರು ಒಂದೇ ಸಭೆಯವರಾದಾಗ ಪ್ರಾರ್ಥನೆ ಎಲ್ಲರಿಗೂ ಸುರಕ್ಷಿತವಾದ ಜಾಗವಾಗಿಬಿಡುತ್ತದೆ. ಅಲ್ಲಿ ಯಾರ ಹೆಸರನ್ನೂ ಎತ್ತದೆ, ಯಾರ ಮುಖವನ್ನೂ ನೋಡದೆ ಕರುಣೆ ತೋರಬಹುದು. ಇಂಥ ಕೂಟಗಳಲ್ಲಿ ನಾನು ಕೇಳಿರುವ ಬಿನ್ನಹದ ಧಾಟಿ ಹೀಗಿರುತ್ತದೆ: ‘ಕರ್ತನೇ, ಈ ಸಹೋದರಿಯ ಮನೆಯ ಸಮಸ್ಯೆಯನ್ನು ನಿನ್ನ ಚಿತ್ತದಂತೆ ಬಗೆಹರಿಸು, ಅವಳಿಗೆ ತಾಳ್ಮೆ ದಯಪಾಲಿಸು.’ ಇದರಲ್ಲಿ ಅನ್ಯಾಯ ಎಂಬ ಮಾತೇ ಇಲ್ಲ, ಅನ್ಯಾಯ ಮಾಡಿದವರಿಲ್ಲ, ಮಕ್ಕಳಿಲ್ಲ. ಬದಲಾಗಬೇಕಾದವಳು ಅವಳೊಬ್ಬಳೇ ಎಂಬಂತಿದೆ. ವಾರವಾರವೂ ಇದನ್ನು ಕೇಳಿಸಿಕೊಳ್ಳುತ್ತ ಕೂತವಳಿಗೆ ಹೇಗನ್ನಿಸಿರಬಹುದು? ನಿಮ್ಮ ಅಕ್ಕ ಕೂಟಕ್ಕೆ ಬರುವುದನ್ನು ಬಿಟ್ಟದ್ದಕ್ಕೆ ಇದೂ ಒಂದು ಕಾರಣವಿರಬಹುದೇ ಎಂದು ಅವಳನ್ನೇ ಕೇಳಿ ನೋಡಿ.

ಲೂಕನ ಸುವಾರ್ತೆಯಲ್ಲೇ, ಈ ಸಾಮ್ಯ ಮುಗಿದು ಎರಡು ಅಧ್ಯಾಯಗಳಾಗುವಷ್ಟರಲ್ಲಿ, ವಿಧವೆಯರ ಮನೆಗಳನ್ನು ನುಂಗಿ ನಟನೆಗಾಗಿ ದೀರ್ಘ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರಿಕೆ ಬರುತ್ತದೆ. ಮನೆ ನುಂಗುವುದೂ ದೀರ್ಘ ಪ್ರಾರ್ಥನೆಯೂ ಒಂದೇ ವಾಕ್ಯದಲ್ಲಿವೆ. ಭಾನುವಾರ ಆರಾಧನೆಗೆ ಬರುವ ಆ ಅಣ್ಣಂದಿರಿಗೆ ಈ ವಾಕ್ಯವನ್ನು ಓದಿ ಹೇಳಬೇಕಾದ ಹೊಣೆ ನಿಮ್ಮ ಸಭಾಪಾಲಕರದು, ನಿಮ್ಮದಲ್ಲ. ಆದರೆ ಆ ಹೊಣೆಯನ್ನು ಅವರಿಗೆ ನೆನಪಿಸುವ ಹಕ್ಕು ನಿಮಗಿದೆ.

ಮೊದಲ ಶತಮಾನದ ಸಭೆ ಇಂಥದ್ದೇ ದೂರನ್ನು ಎದುರಿಸಿದ್ದು ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ದಾಖಲಾಗಿದೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ದೂರಿದವರ ನಂಬಿಕೆಯನ್ನು ಪ್ರಶ್ನಿಸಲಿಲ್ಲ. ಸಭೆಯನ್ನೆಲ್ಲ ಕೂಡಿಸಿದರು, ಏಳು ಮಂದಿಯನ್ನು ಆರಿಸುವಂತೆ ಹೇಳಿ ಆ ಕೆಲಸವನ್ನು ಅವರ ಕೈಗೆ ಒಪ್ಪಿಸಿದರು. ತಾವು ಪ್ರಾರ್ಥನೆಯಲ್ಲಿ ನಿರತರಾಗಿರುತ್ತೇವೆ ಎಂದು ಅಪೊಸ್ತಲರು ಹೇಳಿದ್ದೂ ಅದೇ ಸಂದರ್ಭದಲ್ಲಿ. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯುಸರು ಬರೆದ, ಯುಸೇಬಿಯುಸರು ಬರೆದ ಕ್ರೈಸ್ತ ಸಭೆಯ ಇತಿಹಾಸದಲ್ಲಿ ಉಳಿದುಬಂದಿರುವ ಪತ್ರವೊಂದರಲ್ಲಿ ಆ ಸಭೆಯ ಲೆಕ್ಕವಿದೆ: 46 ಮಂದಿ ಹಿರಿಯ ಯಾಜಕರು, ಮತ್ತು ಸಭೆಯೇ ಸಲಹುತ್ತಿದ್ದ 1500ಕ್ಕೂ ಹೆಚ್ಚು ವಿಧವೆಯರು ಮತ್ತು ಸಂಕಷ್ಟದಲ್ಲಿದ್ದವರು. ಸರ್ಕಾರದ ವಿರೋಧವನ್ನು ಎದುರಿಸುತ್ತಿದ್ದ ಒಂದು ಸಭೆ ವಿಧವೆಯರ ಪಟ್ಟಿಯನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿತ್ತು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ವಕೀಲರ ವಿಷಯಕ್ಕೆ ಬರೋಣ. ಅವರನ್ನು ಕಾಣಬಾರದೆನ್ನುವವರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯವನ್ನು ಎತ್ತಿ ತೋರಿಸಬಹುದು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಅಪೊಸ್ತಲನಾದ ಪೌಲನು ಅಲ್ಲಿ ಖಂಡಿಸುತ್ತಾನೆ, ಅದಕ್ಕಿಂತ ಅನ್ಯಾಯವನ್ನು ಯಾಕೆ ಸಹಿಸಬಾರದು ಎಂದೂ ಕೇಳುತ್ತಾನೆ. ಆ ವಚನ ಇದೆ, ಅದನ್ನು ಮರೆಮಾಚುವಂತಿಲ್ಲ. ಆದರೆ ಅದರ ಹಿಂದಿನ ವಚನಗಳಲ್ಲಿ, ನಿಮ್ಮೊಳಗೆ ಸಹೋದರರ ವ್ಯಾಜ್ಯ ತೀರಿಸಬಲ್ಲ ಬುದ್ಧಿವಂತನು ಒಬ್ಬನೂ ಇಲ್ಲವೇ ಎಂದು ಸಭೆಯನ್ನು ನಾಚಿಸುವ ಮಾತಿದೆ. ಅದರ ಮುಂದಿನ ವಚನದಲ್ಲಿ, ನೀವೇ ಸಹೋದರರಿಗೆ ಅನ್ಯಾಯ ಮಾಡಿ ಮೋಸಗೊಳಿಸುತ್ತೀರಿ ಎಂಬ ಆಪಾದನೆಯಿದೆ. ಮುಂಚಿನದನ್ನು ಸಭೆಯವರು ಕೇಳಿಸಿಕೊಳ್ಳದೆ, ನಂತರದ್ದನ್ನು ಅಣ್ಣಂದಿರು ಕೇಳಿಸಿಕೊಳ್ಳದೆ, ನಡುವಿನ ಸಹನೆಯ ಮಾತನ್ನು ಮಾತ್ರ ವಿಧವೆಗೆ ಹೊರಿಸುವುದು ನ್ಯಾಯವಲ್ಲ. ನನ್ನ ಪಾಲನ್ನು ನಾನು ಬಿಟ್ಟುಕೊಡುತ್ತೇನೆ ಎಂದು ಒಬ್ಬರು ತಮ್ಮಷ್ಟಕ್ಕೆ ತಾವು ನಿರ್ಧರಿಸಬಹುದು. ನಿನ್ನ ಪಾಲನ್ನು ಬಿಟ್ಟುಕೊಡು ಎಂದು ಬಲವುಳ್ಳವರು ಬಲವಿಲ್ಲದವರಿಗೆ ಹೇಳುವಂತಿಲ್ಲ. ಅಲ್ಲದೆ ಇಲ್ಲಿ ಅವಳ ಪಾಲೊಂದೇ ಅಲ್ಲ, ತಂದೆಯಿಲ್ಲದ ಇಬ್ಬರು ಮಕ್ಕಳ ಪಾಲೂ ಇದೆ. ಸ್ವತಃ ಪೌಲನೂ ತನ್ನ ಮೇಲಿನ ಆರೋಪಗಳ ವಿಚಾರಣೆಯಲ್ಲಿ ರೋಮಿನ ಚಕ್ರವರ್ತಿಯಾದ ಕೈಸರನ ಮುಂದೆ ಮೊರೆಯಿಡುತ್ತೇನೆಂದು ತನ್ನ ಹಕ್ಕನ್ನು ಬಳಸಿಕೊಂಡನೆಂಬುದನ್ನು ಅಪೊಸ್ತಲರ ಕೃತ್ಯಗಳ 25ನೆಯ ಅಧ್ಯಾಯದಲ್ಲಿ ಓದುತ್ತೇವೆ. ಕ್ಷಮಿಸುವುದು ಬೇರೆ, ಹಕ್ಕು ಬಿಡುವುದು ಬೇರೆ. ಭಾವಂದಿರ ಮೇಲೆ ಹಗೆಯಿಲ್ಲದೆಯೂ ಅವಳು ಮಕ್ಕಳ ಪಾಲನ್ನು ಕೇಳಬಹುದು.

ಈಗ ಮಾಡಬಹುದಾದ ಕೆಲಸಗಳು. ಸಭೆಯ ಹಿರಿಯರ ಮಧ್ಯಸ್ಥಿಕೆಯನ್ನು ಮೊದಲು ಪ್ರಯತ್ನಿಸುವುದು ಒಳ್ಳೆಯದು, ಪೌಲನ ಮಾತಿಗೂ ಅದೇ ಹೊಂದುತ್ತದೆ. ಅದರ ಅಪಾಯವೂ ನಿಮಗೆ ತಿಳಿದಿರಲಿ. ಅಣ್ಣಂದಿರು ಸಭೆಯಲ್ಲಿ ಪ್ರಭಾವಿಗಳಾಗಿದ್ದರೆ, ಕಾಣಿಕೆ ಹೆಚ್ಚು ಕೊಡುವವರಾಗಿದ್ದರೆ, ಸಮಾಧಾನ ಎಂಬ ಹೆಸರಿನಲ್ಲಿ ಒತ್ತಡವೆಲ್ಲ ನಿಮ್ಮ ಅಕ್ಕನ ಮೇಲೆಯೇ ಬೀಳುತ್ತದೆ. ನಾನು ಕೂತಿರುವ ಇಂಥ ಮಾತುಕತೆಗಳಲ್ಲಿ ಗಂಡಸರು ನಾಲ್ಕೈದು ಮಂದಿ ಒಂದು ಕಡೆ, ವಿಧವೆಯೊಬ್ಬಳು ಇನ್ನೊಂದು ಕಡೆ ಇರುವುದೇ ಸಾಮಾನ್ಯ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವಳು ಎಲ್ಲದಕ್ಕೂ ತಲೆಯಾಡಿಸತೊಡಗುತ್ತಾಳೆ. ಆದ್ದರಿಂದ ಅವಳ ಜೊತೆ ನೀವೋ ಅವಳು ನಂಬುವ ಇನ್ನೊಬ್ಬರೋ ಇರಬೇಕು, ಕಾಗದಪತ್ರಗಳನ್ನು ಮೊದಲು ಮೇಜಿನ ಮೇಲಿಡಬೇಕು, ಒಪ್ಪಿದ್ದೆಲ್ಲ ಬರವಣಿಗೆಯಲ್ಲಿರಬೇಕು, ಇಷ್ಟು ವಾರಗಳೊಳಗೆ ಮುಗಿಯಬೇಕೆಂಬ ಗಡುವು ಇರಬೇಕು, ಅಲ್ಲಿಯೇ ಯಾವುದಕ್ಕೂ ಸಹಿ ಹಾಕಬಾರದು. ಇವುಗಳಿಗೆ ಹಿರಿಯರು ಒಪ್ಪದಿದ್ದರೆ ಆ ಮಧ್ಯಸ್ಥಿಕೆಯಿಂದ ನಿಮಗೆ ಪ್ರಯೋಜನವಿಲ್ಲ.

ಮಧ್ಯಸ್ಥಿಕೆ ಮುಗಿಯುವವರೆಗೆ ವಕೀಲರನ್ನು ಕಾಣಬಾರದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಕೀಲರನ್ನು ಕಂಡು ತನ್ನ ಹಕ್ಕು ಏನೆಂದು ತಿಳಿದುಕೊಳ್ಳುವುದು ಮೊಕದ್ದಮೆ ಹೂಡಿದಂತಲ್ಲ. ಬಹುತೇಕ ಎಲ್ಲ ಕಡೆಯ ಕಾನೂನುಗಳಲ್ಲಿ ಇಂಥ ಹಕ್ಕುಗಳನ್ನು ಕೇಳಲು ಕಾಲಮಿತಿ ಇರುತ್ತದೆ, ಆಸ್ತಿಯನ್ನು ಬೇರೆಯವರಿಗೆ ಮಾರಿಬಿಟ್ಟರೆ ಹಿಂದಕ್ಕೆ ಪಡೆಯುವುದು ಇನ್ನಷ್ಟು ಕಷ್ಟವಾಗುತ್ತದೆ. ಆಗಲೇ ನಾಲ್ಕು ವರ್ಷಗಳು ಕಳೆದಿವೆ. ಮರಣ ಪ್ರಮಾಣಪತ್ರ, ಮದುವೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ತೆರಿಗೆ ಕಟ್ಟಿದ ರಸೀದಿ, ಮನೆಗಾಗಿ ಭಾವ ಹಣ ಕೊಟ್ಟದ್ದಕ್ಕೆ ಸಾಕ್ಷಿಯಾಗುವ ಯಾವುದೇ ಚೀಟಿ, ಇವನ್ನೆಲ್ಲ ಒಂದು ಕಡತದಲ್ಲಿ ಸೇರಿಸಿ ಪ್ರತಿಗಳನ್ನು ನಿಮ್ಮ ಮನೆಯಲ್ಲಿಯೂ ಇಡಿ. ಮೊಕದ್ದಮೆಯೇ ಆಗುವುದಾದರೆ ಅದಕ್ಕೆ ಹಣ ಬೇಕು, ವರ್ಷಗಳು ಬೇಕು, ಮಕ್ಕಳಿಗೆ ಅಜ್ಜಿಯ ಮನೆಯ ಬಾಗಿಲು ಮುಚ್ಚಬಹುದು, ಸಭೆಯಲ್ಲಿ ಕೆಲವರು ಅವಳೊಂದಿಗೆ ಮಾತು ಬಿಡಬಹುದು. ಇದನ್ನೆಲ್ಲ ತೂಗಿ ನೋಡಿ ನಿರ್ಧರಿಸಬೇಕಾದವಳು ಅವಳೇ. ಬೇಡವೆಂದು ಅವಳು ತೀರ್ಮಾನಿಸಿದರೆ, ಹೋರಾಡಲಿಲ್ಲವೆಂದು ನೀವೂ ಬೇಸರಿಸಬಾರದು.

ಕೂಟದವರಿಗೆ ಮಾಡಲು ಕೆಲಸವಿಲ್ಲವೆಂದಲ್ಲ. ಕಚೇರಿಗೆ ಹೋಗುವ ದಿನ ಅವಳ ಜೊತೆ ಹೋಗಲು ಒಬ್ಬರು, ಆ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು, ವಕೀಲರ ಶುಲ್ಕದಲ್ಲಿ ಪಾಲು ಕೊಡಬಲ್ಲವರು ಕೆಲವರು ಇದ್ದರೆ ಸಾಕಷ್ಟು ಹೊರೆ ಇಳಿಯುತ್ತದೆ. ಬಟ್ಟೆಯಿಲ್ಲದ, ಆಹಾರವಿಲ್ಲದ ಸಹೋದರಿಗೆ ಸಮಾಧಾನದಿಂದ ಹೋಗು ಎಂದು ಬರೀ ಮಾತಿನಲ್ಲಿ ಹೇಳಿ ಕಳುಹಿಸುವುದನ್ನು ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಎಷ್ಟು ತೀಕ್ಷ್ಣವಾಗಿ ಪ್ರಶ್ನಿಸಿದ್ದಾನೆಂಬುದು ನಿಮ್ಮ ಕೂಟದವರಿಗೂ ಗೊತ್ತು. ಹಣ ಕೊಡುವುದಾದರೆ ಸದ್ದಿಲ್ಲದೆ ಕೊಡಿ. ಸಹಾಯ ಪಡೆದವಳು ಕೂಟದಲ್ಲಿ ಎದ್ದುನಿಂತು ಅದಕ್ಕೆ ಸಾಕ್ಷಿ ಹೇಳಬೇಕೆಂದು ಯಾರೂ ನಿರೀಕ್ಷಿಸುವಂತಾಗಬಾರದು.

ಅಕ್ಕನಿಗೆ ನಿದ್ದೆಯಿಲ್ಲ ಎಂಬುದನ್ನು ಆತ್ಮಿಕ ವಿಷಯವೆಂದು ಮಾತ್ರ ನೋಡಬೇಡಿ. ದುಃಖ, ಹಣದ ಚಿಂತೆ, ಅವಮಾನ ಮೂರೂ ಸೇರಿದಾಗ ದೇಹ ಕುಗ್ಗುತ್ತದೆ. ಎರಡು ವಾರಗಳಿಗಿಂತ ಹೆಚ್ಚು ಕಾಲ ಹೀಗೆಯೇ ಇದ್ದರೆ ವೈದ್ಯರಿಗೆ ತೋರಿಸಿ; ಬದುಕಿದ್ದು ಏನು ಪ್ರಯೋಜನ ಎಂಬಂಥ ಮಾತು ಅವಳ ಬಾಯಲ್ಲಿ ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಕರೆದುಕೊಂಡು ಹೋಗಿ. ಪ್ರಾರ್ಥಿಸಲು ಬಾಯಿ ಬರುವುದಿಲ್ಲ ಎಂಬುದರ ಬಗ್ಗೆ ಗಾಬರಿ ಬೇಡ. ಬೈಬಲಿನ 88ನೆಯ ಕೀರ್ತನೆ ಮೊದಲಿನಿಂದ ಕೊನೆಯವರೆಗೂ ಗೋಳೇ, ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯ ಪುಸ್ತಕದಲ್ಲಿದೆ. ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಮಂದಿ ಹೊತ್ತು ತಂದು ಚಾವಣಿ ತೆಗೆದು ಕೆಳಗಿಳಿಸಿದಾಗ, ಯೇಸುಸ್ವಾಮಿ ನೋಡಿದ್ದು ‘ಅವರ’ ನಂಬಿಕೆಯನ್ನು. ಮಲಗಿದ್ದವನು ಒಂದು ಮಾತನ್ನಾದರೂ ಆಡಿದನೆಂದು ಅಲ್ಲಿ ಬರೆದಿಲ್ಲ.

ಎಷ್ಟು ಕಾಲ ಪ್ರಾರ್ಥಿಸಬೇಕೆಂಬುದಕ್ಕೆ ಬೈಬಲಿನಲ್ಲಿ ಒಂದೇ ಅಳತೆಯಿಲ್ಲ. ಹನ್ನಳು ಮಗುವಿಗಾಗಿ ವರ್ಷವರ್ಷವೂ ಅತ್ತಳು, ಪಡೆದಳು. ಪೌಲನು ಶರೀರದಲ್ಲಿ ನಾಟಿದ್ದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡು, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಸಿಕ್ಕ ಮೇಲೆ ಆ ಬೇಡಿಕೆಯನ್ನು ನಿಲ್ಲಿಸಿದನು. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ, ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂಬ ಒಂದೇ ಬೇಡಿಕೆಯನ್ನು ಮೂರು ಸಲ ಹೇಳಿ ಎದ್ದು ಹೋದರು, ಆ ಪಾತ್ರೆ ಅವರಿಂದ ತೊಲಗಲಿಲ್ಲ. ಮನೆಯ ಪಾಲು ಸಿಗದೆಯೂ ಹೋಗಬಹುದು. ಸಿಗಲೇಬೇಕೆಂದು ದೇವರ ಹೆಸರಿನಲ್ಲಿ ಅವಳಿಗೆ ಭರವಸೆ ಕೊಡಲು ನನಗೂ ಅಧಿಕಾರವಿಲ್ಲ, ನಿಮ್ಮ ಕೂಟಕ್ಕೂ ಇಲ್ಲ. ಆದರೆ ಅನ್ಯಾಯವನ್ನು ಅನ್ಯಾಯವೆಂದು ದೇವರ ಮುಂದೆ ಹೆಸರಿಟ್ಟು ಹೇಳುವುದನ್ನು, ಅದು ಇರುವವರೆಗೂ, ನಿಲ್ಲಿಸಲು ಕಾರಣವಿಲ್ಲ. ಬಿನ್ನಹ ಚಿಕ್ಕದಾಗಿರಲಿ: ಮಕ್ಕಳ ಪಾಲು ಮಕ್ಕಳಿಗೆ ಸಿಗಲಿ, ಅಣ್ಣಂದಿರ ಮನಸ್ಸು ತಿರುಗಲಿ, ಹಿರಿಯರಿಗೆ ಧೈರ್ಯ ಬರಲಿ, ಅವಳಿಗೆ ಈ ರಾತ್ರಿ ನಿದ್ದೆ ಬರಲಿ.

ಕೂಟದಲ್ಲಿ ಅವಳ ಹೆಸರು ಹೇಳಬೇಕೇ ಎಂಬುದನ್ನು ಮುಂದಿನ ಕೂಟಕ್ಕೆ ಮೊದಲೇ ಅವಳನ್ನು ಕೇಳಿ. ಬೇಡವೆಂದರೆ ಕಾರಣ ಕೇಳದೆ ಬಿಟ್ಟುಬಿಡಿ. ಹೆಸರು ಹೇಳದೆ, ವಿವರವನ್ನೂ ಹೇಳದೆ, ನೀವಿಬ್ಬರೋ ಮೂವರೋ ಪ್ರತ್ಯೇಕವಾಗಿ ಸೇರಿ ಪ್ರಾರ್ಥಿಸಿ. ಹೇಳಬಹುದೆಂದರೆ ಎಷ್ಟು ಹೇಳಬಹುದು, ಯಾರ ಮುಂದೆ ಹೇಳಬಹುದು, ಭಾವಂದಿರ ವಿಷಯವನ್ನು ಎತ್ತಬಹುದೇ ಎಂದು ಅವಳೇ ತಿಳಿಸಲಿ, ಅಷ್ಟನ್ನೇ ಹೇಳಿ. ಆ ಸಂಜೆ ಕೂಟ ಮುಗಿದ ಮೇಲೆ ವಕೀಲರ ಬಳಿಗೆ ಅವಳ ಜೊತೆ ಹೋಗುವವರು ಯಾರೆಂಬುದನ್ನೂ ಗೊತ್ತುಮಾಡಿಕೊಂಡೇ ಮನೆಗೆ ಹೊರಡಿ.